ವಾರಸುದಾರರಿಲ್ಲದ ಪಕ್ಷ: ಪಂಜಾಬಿನ ಯೂನಿಯನಿಸ್ಟರು

ಸ್ಮರಣ ಸಂಚಿಕೆಗಳನ್ನು ಸಾಮಾನ್ಯವಾಗಿ ಹೊರತರುವವರು ಆಯಾ ಸಂಸ್ಥೆಯ ವಾರಸುದಾರರು. ಸ್ಥಾಪಕರ ಭಾವಚಿತ್ರಕ್ಕೆ ಹಾರ ಹಾಕುವುದಕ್ಕೂ ಹಳೆಯ ನಡಾವಳಿ ಪುಸ್ತಕಗಳನ್ನು ಬೀರುವಿನಿಂದ ತೆಗೆದು ಧೂಳು ಕೊಡವುವುದಕ್ಕೂ ಯಾರಾದರೂ ಇದ್ದೇ ಇರುತ್ತಾರೆ. 1923ರಲ್ಲಿ ಲಾಹೋರಿನ ಶಾಸನಸಭೆಯಲ್ಲಿ ಹುಟ್ಟಿ, 1947ರ ಮಾರ್ಚಿಯಲ್ಲಿ ಅದೇ ಊರಿನಲ್ಲಿ ಅಧಿಕಾರವನ್ನೂ ಅದರೊಡನೆಯೇ ಪ್ರಾಣವನ್ನೂ ಕಳೆದುಕೊಂಡ ಯೂನಿಯನಿಸ್ಟ್ ಪಕ್ಷಕ್ಕೆ ಅಂಥವರು ಯಾರೂ ಉಳಿಯಲಿಲ್ಲ. ಪಾಕಿಸ್ತಾನದ ಚರಿತ್ರಕಾರರ ಪಾಲಿಗೆ ಅದು ಆಂಗ್ಲರ ಕೈಗೊಂಬೆಯಾಗಿ ರಾಷ್ಟ್ರನಿರ್ಮಾಣಕ್ಕೆ ಅಡ್ಡ ನಿಂತ ಕೂಟ. ಭಾರತದ ರಾಷ್ಟ್ರೀಯವಾದಿಗಳ ಪಾಲಿಗೆ ಭೂಮಾಲಿಕರ ಸ್ವಾರ್ಥಸಾಧನೆಯ ಮಂಡಲಿ. ಈ ಎರಡು ಆಪಾದನೆಗಳಲ್ಲಿಯೂ ಸತ್ಯಾಂಶವುಂಟು. ಆದರೂ ಮೂರು ಮತಗಳ ಜನ ಒತ್ತೊತ್ತಾಗಿ ಬಾಳಿದ, ಅವರವರಲ್ಲಿ ಪರಸ್ಪರ ಶಂಕೆ ದಿನೇ ದಿನೇ ಬೆಳೆಯುತ್ತಿದ್ದ ಒಂದು ಪ್ರಾಂತದಲ್ಲಿ, ಮುಸಲ್ಮಾನರನ್ನೂ ಹಿಂದೂಗಳನ್ನೂ ಸಿಖ್ಖರನ್ನೂ ಒಂದೇ ಮಂತ್ರಿಮಂಡಲದಲ್ಲಿ ಕೂರಿಸಿ, ಮತದ ಹೆಸರೆತ್ತದ ಕಾರ್ಯಕ್ರಮವೊಂದರ ಮೇಲೆ ವರ್ಷಗಟ್ಟಲೆ ರಾಜ್ಯವಾಳಿದ ಪಕ್ಷವು ಇದೊಂದೇ ಆದುದರಿಂದ, ಅದರ ಶತಮಾನವು ತುಂಬಿ ಕಳೆದಿರುವ ಈ ಕಾಲದಲ್ಲಿ ಅದರ ಕಥೆಯನ್ನು ಆಪಾದನೆಯ ದೃಷ್ಟಿಯಿಂದಲೂ ಸ್ತುತಿಯ ದೃಷ್ಟಿಯಿಂದಲೂ ಅಲ್ಲದೆ ಒಂದು ಸಂಸ್ಥೆಯ ಕಥೆಯಾಗಿ ಹೇಳುವುದು ಯುಕ್ತವೆಂದು ತೋರುತ್ತದೆ.

ಸಿಂಧೂನದಿಯ ದಡದಿಂದ ದಿಲ್ಲಿಯ ಹೊರವಲಯದವರೆಗೆ ಹಬ್ಬಿದ್ದ ಅಂದಿನ ಆಂಗ್ಲ ಪಂಜಾಬಿನಲ್ಲಿ ಮುಸಲ್ಮಾನರು ಅರ್ಧಕ್ಕಿಂತ ಹೆಚ್ಚು. ಹಿಂದೂಗಳು ಕಾಲುಭಾಗಕ್ಕೂ ಮಿಕ್ಕು. ಸಿಖ್ಖರು ಸುಮಾರು ಎಂಟರಲ್ಲೊಂದು ಪಾಲು. ಆದರೆ ಹಳ್ಳಿಯ ರೈತನ ನಿತ್ಯಜೀವನವನ್ನು ಆಳುತ್ತಿದ್ದ ಭೇದವು ಬೇರೆ ಬಗೆಯದು. ಕಾಲುವೆಗಳು ಬಂದು, ರೈಲು ಬಂದು, ನೆಲಕ್ಕೆ ಬೆಲೆ ಬಂದ ಮೇಲೆ, ನೆಲವನ್ನು ಆಧಾರವಾಗಿಟ್ಟು ಸಾಲ ಪಡೆಯುವುದು ಸುಲಭವಾಯಿತು. ಪಡೆದ ಸಾಲವನ್ನು ತೀರಿಸುವುದು ದುಸ್ತರವಾಯಿತು. ಪಶ್ಚಿಮದ ಜಿಲ್ಲೆಗಳಲ್ಲಿ ಸಾಲಗಾರನು ಮುಸಲ್ಮಾನ, ನಡುಪ್ರಾಂತದಲ್ಲಿ ಸಿಖ್, ರೋಹತಕ್ ಹಿಸಾರ್‌ಗಳ ಕಡೆ ಹಿಂದೂ ಜಾಟ. ಸಾಲ ಕೊಟ್ಟವನು ಮಾತ್ರ ಬಹುತೇಕ ಎಲ್ಲೆಡೆಯೂ ಖತ್ರಿಯೋ ಅರೋರನೋ ಬನಿಯನೋ ಆದ ಹಿಂದೂ ಸಾಹುಕಾರ. ಅವನ ಖಾತೆಯ ಪುಸ್ತಕವು ವ್ಯಾಪಾರಿಗಳ ಮೋಡಿಲಿಪಿಯಲ್ಲಿ ಬರೆದುದು. ಅದರಲ್ಲಿ ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂಬುದನ್ನು ಓದಿ ತಿಳಿಯುವುದು, ಅಕ್ಷರ ಬಲ್ಲ ರೈತನಿಗೂ ಶಕ್ಯವಿರಲಿಲ್ಲ. ಸೈನ್ಯಕ್ಕೆ ಆಳುಗಳನ್ನು ಒದಗಿಸುವ ಈ ರೈತವರ್ಗವು ನೆಲ ಕಳೆದುಕೊಂಡು ಕೆರಳಿದರೆ ಅಪಾಯವೆಂದು ಭಾವಿಸಿದ ಸರ್ಕಾರವು 1900ರಲ್ಲಿ ಭೂ ಪರಭಾರೆ ಕಾಯಿದೆಯನ್ನು ಮಾಡಿ, ಕೆಲವು ಕುಲಗಳನ್ನು ‘ಕೃಷಿಕ ಕುಲ’ಗಳೆಂದು ಪಟ್ಟಿಮಾಡಿ, ಆ ಪಟ್ಟಿಗೆ ಹೊರತಾದವರು ಅವರ ನೆಲವನ್ನು ಕೊಳ್ಳಕೂಡದೆಂದು ವಿಧಿಸಿತು. 1901ರ ಜೂನ್ 8ರಿಂದ ಜಾರಿಗೆ ಬಂದ ಈ ಕಾಯಿದೆಯು ಮತಭೇದವನ್ನು ಗಣಿಸಲಿಲ್ಲ. ಮುಸಲ್ಮಾನ ರಾಜಪೂತನೂ ಸಿಖ್ ಜಾಟನೂ ಹಿಂದೂ ಜಾಟನೂ ಒಂದೇ ಪಟ್ಟಿಯಲ್ಲಿ ಸೇರಿದರು. ಯೂನಿಯನಿಸ್ಟ್ ಪಕ್ಷವು ಇಪ್ಪತ್ತಮೂರು ವರ್ಷಗಳ ತರುವಾಯ ತನ್ನ ಮನೆಯನ್ನು ಕಟ್ಟಿದುದು ಈ ಪಟ್ಟಿಯ ಅಡಿಪಾಯದ ಮೇಲೆ.

ಕಟ್ಟಿದವರು ಇಬ್ಬರು. 1877ರಲ್ಲಿ ಪೇಶಾವರದಲ್ಲಿ ಹುಟ್ಟಿದ, ಬಟಾಲದ ಮನೆತನದ ಮಿಯಾಂ ಫಜ್ಲ್-ಇ-ಹುಸೇನರು ಕೇಂಬ್ರಿಜ್ಜಿನಲ್ಲಿ ಓದಿ ಲಾಹೋರಿನಲ್ಲಿ ವಕೀಲಿ ನಡೆಸಿದವರು. 1881ರಲ್ಲಿ ರೋಹತಕ್ ಜಿಲ್ಲೆಯ ಗಢೀ ಸಾಂಪ್ಲಾ ಎಂಬ ಹಳ್ಳಿಯ ಸಾಮಾನ್ಯ ಜಾಟ ರೈತನ ಮನೆಯಲ್ಲಿ ಹುಟ್ಟಿದ ಚೌಧರಿ ಛೋಟು ರಾಮರು ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, 1916ರಲ್ಲಿ ‘ಜಾಟ್ ಗೆಜೆಟ್’ ಎಂಬ ಪತ್ರಿಕೆಯನ್ನು ಆರಂಭಿಸಿದವರು. ಇಬ್ಬರೂ ಕಾಂಗ್ರೆಸ್ಸಿನಲ್ಲಿದ್ದವರು, ಇಬ್ಬರೂ 1920ರಲ್ಲಿ ಅಸಹಕಾರದ ನಿರ್ಣಯವನ್ನೊಪ್ಪದೆ ಹೊರಬಂದವರು. ನ್ಯಾಯಾಲಯಗಳನ್ನೂ ಶಾಲೆಗಳನ್ನೂ ಶಾಸನಸಭೆಯನ್ನೂ ಬಿಟ್ಟು ಹೊರಡುವುದು ಅವುಗಳೊಳಗೆ ಈಗಾಗಲೇ ನೆಲೆನಿಂತ ಪಟ್ಟಣದವರಿಗೆ ತ್ಯಾಗವಾಗಬಹುದು, ಇನ್ನೂ ಬಾಗಿಲ ಬಳಿಗೇ ಬಾರದ ಹಳ್ಳಿಯವನಿಗೆ ಅದರಿಂದ ಏನು ಪ್ರಯೋಜನ ಎಂಬುದು ಇವರ ವಾದವಾಗಿದ್ದಿತು. ವಾದವು ಸರಿಯೋ ತಪ್ಪೋ, ಅದರ ಹಿಂದಿದ್ದ ಅನುಭವವು ಕಪಟವಾದುದಲ್ಲ.

ಫಜ್ಲ್-ಇ-ಹುಸೇನರನ್ನು ಮತಾತೀತ ರಾಜಕಾರಣದ ಪ್ರವರ್ತಕರೆಂದು ಕರೆಯಲು ಅಂದಿನ ಲಾಹೋರಿನ ಹಿಂದೂಗಳು ಎಂದೂ ಒಪ್ಪುತ್ತಿರಲಿಲ್ಲ. 1921ರಲ್ಲಿ ದ್ವಿಸರ್ಕಾರ ಪದ್ಧತಿಯಲ್ಲಿ ಶಿಕ್ಷಣಮಂತ್ರಿಯಾದ ಅವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿಯೂ ವೈದ್ಯಕೀಯ ಕಾಲೇಜಿನಲ್ಲಿಯೂ ಮುಸಲ್ಮಾನರಿಗೆ ನೂರಕ್ಕೆ 40 ಸ್ಥಾನಗಳನ್ನು ಕಾದಿರಿಸಿದರು. ಪುರಸಭೆಗಳಲ್ಲಿ ಮುಸಲ್ಮಾನರ ಪ್ರಾತಿನಿಧ್ಯವನ್ನು ಹೆಚ್ಚಿಸಿದರು. ಪಟ್ಟಣದ ಹಿಂದೂ ಪತ್ರಿಕೆಗಳು ಅವರನ್ನು ಕಟು ಮತಾಭಿಮಾನಿಯೆಂದು ಜರೆದುವು. 1924ರ ಹೊತ್ತಿಗೆ ಲಾಲಾ ಲಜಪತರಾಯರು ಪ್ರಾಂತವನ್ನೇ ಎರಡಾಗಿ ಹಂಚುವ ಸಲಹೆಯನ್ನು ಬಹಿರಂಗವಾಗಿ ಬರೆದರು. ಹಿಂದುಳಿದ ಬಹುಸಂಖ್ಯಾತರು ಸಮಸ್ಥಿತಿಗೆ ಬಂದ ಹೊರತು ಸಹಕಾರವೆಂಬುದು ಬರಿಯ ಮಾತೆಂದು ಫಜ್ಲ್-ಇ-ಹುಸೇನರು ನಂಬಿದ್ದರು. ಈ ನಂಬಿಕೆಯು ಅವರನ್ನು ಒಂದು ಮತದ ನಾಯಕರನ್ನಾಗಿ ಉಳಿಸಿಬಿಡುವ ಸಂಭವವೇ ಹೆಚ್ಚಾಗಿತ್ತು. ಹಾಗಾಗದಂತೆ ತಡೆದುದು, ನನ್ನ ಅಭಿಪ್ರಾಯದಲ್ಲಿ, ರೋಹತಕ್ಕಿನ ಸ್ನೇಹಿತರು. ಪಶ್ಚಿಮ ಪಂಜಾಬಿನಲ್ಲಿ ಸಾಹುಕಾರನ ವಿರುದ್ಧ ಎತ್ತಿದ ಕೂಗು ಹಿಂದೂವಿನ ವಿರುದ್ಧ ಎತ್ತಿದ ಕೂಗಿನಂತೆಯೇ ಕೇಳಿಸುತ್ತಿದ್ದಿತು. ಏಕೆಂದರೆ ಅಲ್ಲಿ ಎರಡು ಭೇದಗಳೂ ಒಂದೇ ಗೆರೆಯ ಮೇಲೆ ಬೀಳುತ್ತಿದ್ದುವು. ರೋಹತಕ್ಕಿನಲ್ಲಿಯಾದರೋ ಸಾಲ ಕೊಟ್ಟವನೂ ಹಿಂದೂ, ಸಾಲ ತಂದವನೂ ಹಿಂದೂ. ಛೋಟು ರಾಮರು ಎದ್ದು ನಿಂತು ಸಾಹುಕಾರನನ್ನು ಖಂಡಿಸಿದಾಗ ಅದನ್ನು ಮತದ್ವೇಷವೆಂದು ಕರೆಯಲು ಯಾರಿಗೂ ಸಾಧ್ಯವಿರಲಿಲ್ಲ. ಪಕ್ಷದ ಪ್ರಾಮಾಣಿಕತೆಗೆ ಅವರ ಉಪಸ್ಥಿತಿಯೇ ಮುಚ್ಚಳಿಕೆಯಾಯಿತು.

1923ರ ಚುನಾವಣೆಯ ಅನಂತರ ಶಾಸನಸಭೆಯೊಳಗೆ ಈ ಪಕ್ಷವು ರೂಪುಗೊಂಡ ಬಗೆಯನ್ನು ಗಮನಿಸಬೇಕು. ಅದು ಊರೂರುಗಳಲ್ಲಿ ಶಾಖೆಗಳನ್ನು ತೆರೆದು, ಚಂದಾ ಎತ್ತಿ, ಸದಸ್ಯರನ್ನು ನೋಂದಾಯಿಸಿ ಬೆಳೆದ ಪಕ್ಷವಲ್ಲ. ಆಯ್ಕೆಯಾಗಿ ಬಂದವರು ಬಂದ ಮೇಲೆ ಒಂದುಗೂಡಿದುದು. ಅಂದಿನ ಮತದಾರರಾದರೂ ಯಾರು? ನಿಗದಿಯಾದಷ್ಟು ಕಂದಾಯ ಕೊಡುವ ಹಿಡುವಳಿದಾರರು, ಜೈಲ್‌ದಾರರು ಮತ್ತು ಲಂಬರ್‌ದಾರರು ಎಂದರೆ ನಮ್ಮ ಕಡೆಯ ಪಟೇಲರನ್ನು ಹೋಲುವ ಗ್ರಾಮಾಧಿಕಾರಿಗಳು, ಸೈನ್ಯದಿಂದ ನಿವೃತ್ತರಾದ ಸಿಪಾಯಿಗಳು. ಇವರ ಮತವು ದೊಡ್ಡ ಮನೆಯ ಮಾತಿಗೆ ಹೋಗುತ್ತಿದ್ದಿತೇ ಹೊರತು ಪಕ್ಷದ ಹೆಸರಿಗಲ್ಲ. ಈ ಕಾರಣದಿಂದ ಪಕ್ಷದ ಬಲವು ಗವರ್ನರರ ಕೃಪೆಯನ್ನು ಅವಲಂಬಿಸಿದ್ದಿತು. 1926ರ ಚುನಾವಣೆಯ ತರುವಾಯ ಗವರ್ನರ್ ಮಾಲ್ಕಂ ಹೇಲಿಯವರು ಛೋಟು ರಾಮರನ್ನು ಕೈಬಿಟ್ಟು, ಒಂದೊಂದು ಮತದಿಂದ ಒಬ್ಬೊಬ್ಬ ಮಂತ್ರಿಯನ್ನು ತಾವೇ ಆರಿಸಿಕೊಂಡರು: ಮುಸಲ್ಮಾನರಿಂದ ಫಿರೋಜ್ ಖಾನ್ ನೂನ್, ಹಿಂದೂಗಳಿಂದ ಮನೋಹರಲಾಲ್, ಸಿಖ್ಖರಿಂದ ಜೋಗೇಂದ್ರ ಸಿಂಗ್. ಪಕ್ಷದ ಸಂಖ್ಯಾಬಲಕ್ಕೆ ಬೆಲೆ ಕೊಟ್ಟಿದ್ದರೆ ಮಂತ್ರಿಮಂಡಲವು ಪಕ್ಷದ್ದಾಗುತ್ತಿದ್ದಿತು. ಮತಗಳಿಗೆ ಬೆಲೆ ಕೊಟ್ಟುದರಿಂದ ಅದು ಗವರ್ನರರದಾಯಿತು. ಯೂನಿಯನಿಸ್ಟರನ್ನು ಆಂಗ್ಲರ ಸಾಕುಮಕ್ಕಳೆಂದು ಹೇಳುವವರು ಈ ಘಟನೆಯನ್ನು ಮರೆಯುತ್ತಾರೆ. ಅಲ್ಲಿಂದ ಹತ್ತು ವರ್ಷ ಛೋಟು ರಾಮರಿಗೆ ಮಂತ್ರಿಪದವಿಯಿರಲಿಲ್ಲ.

ಆದರೆ ಎಲ್ಲಕ್ಕಿಂತ ಮೂಲಭೂತವಾದ ದೋಷವೊಂದು ಪಕ್ಷದ ಹೊರಗೆ, ಚುನಾವಣೆಯ ಯಂತ್ರದಲ್ಲಿಯೇ ಇದ್ದಿತು. ಮತದಾರರ ಪಟ್ಟಿಗಳು ಮತಾನುಸಾರವಾಗಿ ಬೇರೆಬೇರೆ: ಮುಸಲ್ಮಾನನು ಮುಸಲ್ಮಾನ ಅಭ್ಯರ್ಥಿಗೆ, ಸಿಖ್ಖನು ಸಿಖ್ ಅಭ್ಯರ್ಥಿಗೆ, ಉಳಿದವರು ‘ಸಾಮಾನ್ಯ’ ಕ್ಷೇತ್ರದ ಅಭ್ಯರ್ಥಿಗೆ ಮತ ಕೊಡತಕ್ಕದ್ದು. ಛೋಟು ರಾಮರು ಝಂಗ್ ಜಿಲ್ಲೆಯ ಮುಸಲ್ಮಾನ ರೈತನಿಗಾಗಿ ಎಷ್ಟೇ ದುಡಿದರೂ ಅವನ ಮತವನ್ನು ಅವರು ಕೇಳುವಂತಿರಲಿಲ್ಲ. ಆತನು ಕೊಡಬಯಸಿದರೂ ಕೊಡುವಂತಿರಲಿಲ್ಲ. ಅಭ್ಯರ್ಥಿಯಾದವನು ತನ್ನ ಮತದವರಲ್ಲದ ಒಬ್ಬನೇ ಒಬ್ಬ ಮನುಷ್ಯನ ಮನೆಯ ಮೆಟ್ಟಿಲು ಹತ್ತದೆ ಶಾಸನಸಭೆಗೆ ಬರುತ್ತಿದ್ದನು. ಬಂದ ಮೇಲೆ ಅನ್ಯಮತದವರೊಡನೆ ಕೈಗೂಡಿಸುತ್ತಿದ್ದನು. ಮತಮತಗಳ ಮೈತ್ರಿಯು ಸಭಾಭವನದ ಹೆಬ್ಬಾಗಿಲೊಳಗೆ ಹುಟ್ಟಿ ಅಲ್ಲಿಯೇ ಬೆಳೆಯಿತು. ಹೊರಗಿನ ಮತದಾರನಿಗೆ ಅದರ ಫಲವು ತಲುಪುತ್ತಿದ್ದಿತು, ಅದರ ಅಭ್ಯಾಸವು ತಲುಪುತ್ತಿರಲಿಲ್ಲ. ಪಕ್ಷದ ಮುಂದಿನ ಚರಿತ್ರೆಯೆಲ್ಲವೂ ಈ ಒಂದು ಕೊರತೆಯ ವಿಸ್ತಾರವೆಂದು ನನಗೆ ತೋರುತ್ತದೆ. ಹಾಗೆಂದು ಪಕ್ಷವನ್ನು ನಿರ್ದೋಷಿಯೆನ್ನುವಂತಿಲ್ಲ. ಪ್ರತ್ಯೇಕ ಮತದಾರ ಮಂಡಲಗಳನ್ನು ಎತ್ತಿಹಿಡಿದವರಲ್ಲಿ ಫಜ್ಲ್-ಇ-ಹುಸೇನರೇ ಅಗ್ರಗಣ್ಯರು. 1930ರಿಂದ 1935ರವರೆಗೆ ವೈಸರಾಯರ ಕಾರ್ಯಾಂಗ ಮಂಡಲಿಯಲ್ಲಿದ್ದು, 1932ರ ಮತೀಯ ತೀರ್ಪಿನಲ್ಲಿ ಆ ವ್ಯವಸ್ಥೆಯು ಮುಂದುವರಿಯುವಂತೆ ಪ್ರಭಾವ ಬೀರಿದವರಲ್ಲಿ ಅವರೂ ಒಬ್ಬರು.

1935ರ ಭಾರತ ಸರ್ಕಾರ ಕಾಯಿದೆಯು ಪ್ರಾಂತಗಳಿಗೆ ಸ್ವಾಯತ್ತತೆಯನ್ನು ಕೊಟ್ಟು, ಪಂಜಾಬಿಗೆ 175 ಸ್ಥಾನಗಳ ವಿಧಾನಸಭೆಯನ್ನು ಏರ್ಪಡಿಸಿತು. ಲಾಹೋರಿಗೆ ಮರಳಿದ ಫಜ್ಲ್-ಇ-ಹುಸೇನರು ಪಕ್ಷವನ್ನು ಪುನಃ ಸಂಘಟಿಸಲು ತೊಡಗಿದರು. 1936ರಲ್ಲಿ ಜಿನ್ನಾ ಅವರು ಲಾಹೋರಿಗೆ ಬಂದು, ಮುಸಲ್ಮಾನ ಅಭ್ಯರ್ಥಿಗಳು ಮುಸ್ಲಿಂ ಲೀಗಿನ ಹೆಸರಿನಲ್ಲಿ ನಿಲ್ಲಬೇಕೆಂದು ಕೇಳಿದಾಗ ಅವರು ಒಪ್ಪಲಿಲ್ಲ. ಪಂಜಾಬಿನಲ್ಲಿ ಒಂದೇ ಮತದವರ ಪಕ್ಷವು ಆಳುವುದು ಅಸಾಧ್ಯವೆಂದು ಅವರಿಗೆ ತಿಳಿದಿದ್ದಿತು. ಅದೇ ವರ್ಷದ ಜುಲೈ 9ರಂದು ಅವರು ತೀರಿಕೊಂಡರು. ನಾಯಕತ್ವವು ಸರ್ ಸಿಕಂದರ್ ಹಯಾತ್ ಖಾನರಿಗೆ ಬಂದಿತು. 1937ರ ಚುನಾವಣೆಯಲ್ಲಿ ಯೂನಿಯನಿಸ್ಟರು ತೊಂಬತ್ತಕ್ಕೂ ಮೇಲ್ಪಟ್ಟು ಸ್ಥಾನಗಳನ್ನು ಪಡೆದರೆ, ಲೀಗಿಗೆ ದೊರೆತುದು ಎರಡೇ. ಆ ಇಬ್ಬರಲ್ಲಿ ರಾಜಾ ಗಜನಫರ್ ಅಲಿ ಖಾನರು ಒಡನೆಯೇ ಯೂನಿಯನಿಸ್ಟರ ಕಡೆಗೆ ಸರಿದರು, ಮಲಿಕ್ ಬರ್ಕತ್ ಅಲಿಯವರು ಏಕಾಂಗಿಯಾಗಿ ಉಳಿದರು. ಏಪ್ರಿಲ್ 1ರಂದು ಅಧಿಕಾರ ಸ್ವೀಕರಿಸಿದ ಮಂತ್ರಿಮಂಡಲದಲ್ಲಿ ಆರು ಮಂದಿ: ಪ್ರಾಂತದ ಪ್ರಧಾನಿ ಸಿಕಂದರ್, ಖಿಜರ್ ಹಯಾತ್ ತಿವಾನಾ, ಮಿಯಾಂ ಅಬ್ದುಲ್ ಹಯ್, ಛೋಟು ರಾಮ್, ಮನೋಹರಲಾಲ್, ಸುಂದರ ಸಿಂಗ್ ಮಜೀಠಿಯಾ. ಸ್ವಂತ ಬಹುಮತವಿದ್ದೂ ಪರಪಕ್ಷಗಳ ಹಿಂದೂ ಸಿಖ್ ನಾಯಕರನ್ನು ಕರೆದು ಜೊತೆಗೂಡಿಸಿಕೊಂಡುದು ಸಿಕಂದರರ ದೂರದೃಷ್ಟಿಗೆ ಸಾಕ್ಷಿ.

ಆ ಮಂತ್ರಿಮಂಡಲದ ಕೀರ್ತಿಯು ನಿಂತಿರುವುದು ಅದು ಮಾಡಿದ ಕಾಯಿದೆಗಳ ಮೇಲೆ. ಆ ಕಾಯಿದೆಗಳ ಹಿಂದೆ ಇದ್ದುದು ಛೋಟು ರಾಮರ ಛಲ. ಪೂರ್ವದಲ್ಲಿಯೇ, 1930ರ ಲೆಕ್ಕಪತ್ರಗಳ ಕಾಯಿದೆಯು ಸಾಹುಕಾರನು ಆರು ತಿಂಗಳಿಗೊಮ್ಮೆ ಸಾಲಗಾರನಿಗೆ ಲೆಕ್ಕದ ತಃಖ್ತೆಯನ್ನು ಬರೆದುಕೊಡಬೇಕೆಂದು ವಿಧಿಸಿದ್ದಿತು. 1934ರ ಋಣಪರಿಹಾರ ಕಾಯಿದೆಯು ಬಡ್ಡಿಯು ಬೆಳೆಬೆಳೆದು ಅಸಲಿನ ದುಪ್ಪಟ್ಟನ್ನು ಮೀರದಂತೆ, ನಮ್ಮ ಹಿರಿಯರಿಗೆ ಪರಿಚಿತವಾದ ದಾಮದುಪ್ಪಟ್ಟಿನ ನ್ಯಾಯವನ್ನು ಜಾರಿಗೆ ತಂದು, ಸಾಲದ ರಾಜಿಗಾಗಿ ಮಂಡಲಿಗಳನ್ನು ಏರ್ಪಡಿಸಿದ್ದಿತು. 1938ರಲ್ಲಿ ಪರವಾನಗಿಯಿಲ್ಲದ ಲೇವಾದೇವಿಗಾರನಿಗೆ ನ್ಯಾಯಾಲಯದ ನೆರವಿಲ್ಲವೆಂದಾಯಿತು. ಅದೇ ವರ್ಷ ಬಂದ ಭೋಗ್ಯದ ನೆಲಗಳನ್ನು ಮರಳಿ ಕೊಡಿಸುವ ಕಾಯಿದೆಯು ಇವೆಲ್ಲಕ್ಕಿಂತ ತೀಕ್ಷ್ಣವಾದುದು. 1901ರ ಜೂನ್ 8ಕ್ಕೆ ಮೊದಲು ಭೋಗ್ಯಕ್ಕೆ ಹೋಗಿ ಇನ್ನೂ ಸಾಹುಕಾರನ ಕೈಯಲ್ಲಿಯೇ ಇದ್ದ ನೆಲದ ಮೂಲ ಒಡೆಯನೋ ಅವನ ವಾರಸುದಾರನೋ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರೆ, ಸಾಹುಕಾರನು ಆ ನೆಲದ ಫಸಲಿನಿಂದ ಅಸಲಿನ ಎರಡರಷ್ಟು ಲಾಭವನ್ನು ಅದಾಗಲೇ ಪಡೆದಿದ್ದ ಪಕ್ಷದಲ್ಲಿ ಒಂದು ಕಾಸನ್ನೂ ಕೊಡದೆ ನೆಲವನ್ನು ಬಿಡಿಸಿಕೊಳ್ಳಬಹುದಾಗಿತ್ತು. ಅಜ್ಜನು ಹೆಬ್ಬೆಟ್ಟೊತ್ತಿ ಕೊಟ್ಟ ಹೊಲವನ್ನು ಮೊಮ್ಮಗನು ಉತ್ತು ಬಿತ್ತಿದುದು ಈ ಕಾಯಿದೆಯಿಂದ.

ಮಂಡಿಯ ಕಾಯಿದೆಯು 1939ರಲ್ಲಿ ಬಂದಿತು. ಅದಕ್ಕೆ ಮುನ್ನ ಗೋಧಿಯ ಗಾಡಿಯನ್ನು ಹೊಡೆದುಕೊಂಡು ಮಂಡಿಗೆ ಬಂದ ರೈತನ ಮುಂದೆ ದಲ್ಲಾಳಿಯೂ ಕೊಳ್ಳುವವನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಬೆಲೆಯೇನೆಂಬುದು ಮಾರುವವನಿಗೆ ಕೊನೆಗೆ ತಿಳಿಯುತ್ತಿದ್ದಿತು. ತೂಕದ ಕಲ್ಲುಗಳು ಅಂಗಡಿಗೊಂದು ಬಗೆ. ತೂಗುವವನ ಕೂಲಿ, ಜರಡಿ ಹಿಡಿಯುವವನ ಕೂಲಿ, ಗುಡಿಸುವವನ ಪಾಲು, ಗೋಶಾಲೆಗೆ, ಧರ್ಮಾರ್ಥಕ್ಕೆ ಎಂದು ಒಂದೊಂದಾಗಿ ಮುರಿದುಕೊಂಡ ಮೇಲೆ ಉಳಿದುದು ರೈತನದು. ತಾನು ಯಾವ ಧರ್ಮಕ್ಕೆ ದಾನ ಮಾಡಿದೆನೆಂಬುದೂ ಮುಸಲ್ಮಾನ ರೈತನಿಗೆ ತಿಳಿಯುತ್ತಿರಲಿಲ್ಲ. ಹೊಸ ಕಾಯಿದೆಯು ಮಂಡಿಯ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಗಾರರಿರಬೇಕೆಂದೂ, ಮುರಿತಗಳು ನಿಯಮಕ್ಕೆ ಒಳಪಟ್ಟಿರಬೇಕೆಂದೂ ವಿಧಿಸಿತು. (ನಮ್ಮ ಧಾರವಾಡ ಬೆಳಗಾವಿಗಳನ್ನೊಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿಯೂ ಇಂಥದೇ ಮಾರುಕಟ್ಟೆ ಕಾಯಿದೆ ಅದೇ ವರ್ಷ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.) ಹಳ್ಳಿಯವರು ಇವನ್ನು ‘ಸುನೆಹರಿ ಕಾನೂನು’ಗಳು, ಎಂದರೆ ಬಂಗಾರದ ಕಾಯಿದೆಗಳು, ಎಂದರು. ಪಟ್ಟಣದ ವರ್ತಕರು ‘ಕಾಲಾ ಕಾನೂನು’ಗಳು, ಎಂದರೆ ಕರಾಳ ಕಾಯಿದೆಗಳು, ಎಂದು ಹರತಾಳ ಹೂಡಿದರು. ಪ್ರಾಂತದ ಕಾಂಗ್ರೆಸ್ಸಿಗೆ ಪಟ್ಟಣದ ವರ್ತಕರ ಬೆಂಬಲ ಬೇಕಾಗಿದ್ದುದರಿಂದ, ಅದು ಅತ್ತ ಬೆಂಬಲಿಸಲೂ ಇತ್ತ ವಿರೋಧಿಸಲೂ ಆರದೆ ತೊಳಲಿತು. ರೈತರ ಮೂರು ಮತಗಳೂ ಒಂದು ಕಡೆ ನಿಂತ ಅಪೂರ್ವ ಕಾಲವದು. ಛೋಟು ರಾಮರಿಗೆ ‘ದೀನಬಂಧು’ವೆಂಬ ಹೆಸರು ಬಂದುದು ಸುಮ್ಮನಲ್ಲ.

ಆ ದೀನರಲ್ಲಿ ಯಾರು ಸೇರಿರಲಿಲ್ಲವೆಂಬುದನ್ನೂ ಹೇಳಬೇಕು. 1900ರ ಪಟ್ಟಿಯಲ್ಲಿ ಹೊಲೆಯ ಮಾದಿಗರಿಗೆ ಸಮಾನರಾದ ಅಲ್ಲಿಯ ದಲಿತ ಕುಲಗಳಿಗೆ ಎಡೆಯಿರಲಿಲ್ಲ. ತಲೆತಲಾಂತರದಿಂದ ಹೊಲದಲ್ಲಿ ಬೆವರು ಸುರಿಸಿದವನು ಕಾಯಿದೆಯ ಕಣ್ಣಿನಲ್ಲಿ ಕೃಷಿಕನಲ್ಲ. ಕೈಯಲ್ಲಿ ಹಣವಿದ್ದರೂ ಅವನು ಹೊಲವನ್ನು ಕೊಳ್ಳುವಂತಿರಲಿಲ್ಲ. ಇತ್ತ, ಪಟ್ಟಿಯೊಳಗಿದ್ದ ಸ್ಥಿತಿವಂತ ರೈತನು ತಾನೇ ಲೇವಾದೇವಿಗೆ ಇಳಿದು, ಬನಿಯನಿಗೆ ನಿಷಿದ್ಧವಾದ ನೆಲವನ್ನು ತಾನು ನಿರಾತಂಕವಾಗಿ ನುಂಗತೊಡಗಿದನು. ಶಾಹಪುರದ ತಿವಾನಾ ನೂನ್ ಮನೆತನಗಳಂಥ ಮಹಾ ಭೂಮಾಲಿಕರ ಗೇಣಿದಾರರ ವಿಷಯದಲ್ಲಿ ಪಕ್ಷವು ಮೌನವನ್ನೇ ತಾಳಿತು. ಮತಭೇದವನ್ನು ಮರೆಸಲು ಅದು ಕುಲಭೇದವನ್ನು ಆಶ್ರಯಿಸಿದ್ದಿತು. ಆಶ್ರಯದ ಬಾಡಿಗೆಯನ್ನು ಪಟ್ಟಿಯ ಹೊರಗಿನವರು ತೆತ್ತರು.

ಮತದ ಪ್ರಶ್ನೆಯು ನೇರವಾಗಿ ಎದುರಾದಾಗ ಪಕ್ಷವು ನಡೆದುಕೊಂಡ ರೀತಿಗೆ ಶಹೀದ್‌ಗಂಜಿನ ವಿವಾದವೇ ಉತ್ತಮ ನಿದರ್ಶನ. ಲಾಹೋರಿನ ಒಂದು ಹಳೆಯ ಮಸೀದಿ ಬಹುಕಾಲದಿಂದ ಸಿಖ್ಖರ ಗುರುದ್ವಾರದ ವಶದಲ್ಲಿದ್ದಿತು, 1935ರ ಜುಲೈಯಲ್ಲಿ ಸಿಖ್ಖರು ಅದನ್ನು ಕೆಡವಿದರು, ಊರಿನಲ್ಲಿ ರಕ್ತಪಾತವಾಯಿತು. ವ್ಯಾಜ್ಯದಲ್ಲಿ ಮುಸಲ್ಮಾನರಿಗೆ ಸೋಲಾದಾಗ, 1938ರಲ್ಲಿ ಬರ್ಕತ್ ಅಲಿಯವರು ಆ ಸ್ಥಳವನ್ನು ಮರಳಿ ಕೊಡಿಸುವ ಮಸೂದೆಯೊಂದನ್ನು ತರಲು ಮುಂದಾದರು. ಮುಸಲ್ಮಾನ ಶಾಸಕರು ಬಹುಸಂಖ್ಯಾತರಾಗಿದ್ದ ಸಭೆಯಲ್ಲಿ, ಮುಸಲ್ಮಾನ ಪ್ರಧಾನಿಯು ಅದಕ್ಕೆ ತಲೆದೂಗಿದ್ದರೆ ಜನಪ್ರಿಯತೆಯು ತಾನಾಗಿ ಕೈಸೇರುತ್ತಿದ್ದಿತು. ಸಿಕಂದರರಾದರೋ ಮಸೂದೆಗೆ ಅನುಮತಿ ಕೊಡಬಾರದೆಂದು ಗವರ್ನರರಿಗೆ ಸಲಹೆ ಮಾಡಿದರು. ಹೀಗೆ ಒಂದು ಕಡೆ ಹಳೆಯ ಲೆಕ್ಕವನ್ನು ಕೆದಕಿದರೆ ಇತರ ಪ್ರಾಂತಗಳಲ್ಲಿ ಮುಸಲ್ಮಾನರ ವಶದಲ್ಲಿರುವ ಸ್ಥಳಗಳ ಗತಿಯೇನೆಂದು ಕೇಳಿದರು. ಪಕ್ಷದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಇದಕ್ಕಿಂತ ಧೀರವಾದ ನಡೆ ಇನ್ನೊಂದಿಲ್ಲ.

ಅದೇ ಸಿಕಂದರರು ಅದಕ್ಕೆ ಕೆಲವೇ ತಿಂಗಳ ಮೊದಲು, 1937ರ ಅಕ್ಟೋಬರಿನಲ್ಲಿ, ಲಕ್ನೋದಲ್ಲಿ ಜಿನ್ನಾ ಅವರೊಡನೆ ಮಾಡಿಕೊಂಡ ಒಪ್ಪಂದವನ್ನು ಓದಿದರೆ ಆಶ್ಚರ್ಯವಾಗುತ್ತದೆ. ತಮ್ಮ ಪಕ್ಷದ ಮುಸಲ್ಮಾನ ಶಾಸಕರು ಲೀಗಿಗೆ ಸೇರುವಂತೆ ಸಿಕಂದರರು ಸಲಹೆ ಮಾಡುವುದು. ಆದರೆ ಪ್ರಾಂತದ ಸಮ್ಮಿಶ್ರ ಕೂಟವು ಯೂನಿಯನಿಸ್ಟ್ ಎಂಬ ಹೆಸರಿನಲ್ಲಿಯೇ ಮುಂದುವರಿಯುವುದು. ಅಖಿಲ ಭಾರತದ ಪ್ರಶ್ನೆಗಳಲ್ಲಿ ಲೀಗು, ಪಂಜಾಬಿನ ಪ್ರಶ್ನೆಗಳಲ್ಲಿ ಯೂನಿಯನಿಸ್ಟ್ ಪಕ್ಷ ಎಂಬ ಹಂಚಿಕೆಯಿದು. ಮತವನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಜಗಲಿಯಲ್ಲಿ ಕೂರಿಸಿ ಉಪಚರಿಸುವ ಉಪಾಯವೆಂದು ಅವರು ಭಾವಿಸಿರಬೇಕು. ಪ್ರಾಂತೀಯ ಲೀಗಿನ ಅಧ್ಯಕ್ಷರಾಗಿದ್ದ ಕವಿ ಇಕ್ಬಾಲರು ಸಿಕಂದರರು ಲೀಗನ್ನೇ ವಶಪಡಿಸಿಕೊಳ್ಳಲು ಹೊಂಚುತ್ತಿದ್ದಾರೆಂದು ಜಿನ್ನಾ ಅವರಿಗೆ ಕಾಗದ ಬರೆದರು. ಛೋಟು ರಾಮರ ಬೆಂಬಲಿಗರೂ ಸಿಖ್ಖರೂ ಸಿಕಂದರರೇ ವಶವಾದರೆಂದು ಶಂಕಿಸಿದರು. ಒಪ್ಪಂದದ ಮಾತುಗಳು ಎರಡೂ ಅರ್ಥಕ್ಕೆ ಎಡೆಗೊಡುವಂತೆ ಇದ್ದುವು. ಆರಂಭದಲ್ಲಿ ಗೆದ್ದವರು ಸಿಕಂದರರೇ. ಐದು ವರ್ಷ ಪಂಜಾಬಿನ ಲೀಗನ್ನು ಅವರು ತಲೆಯೆತ್ತಗೊಡಲಿಲ್ಲ. ಆದರೆ ತಮ್ಮ ಪಕ್ಷದ ಪ್ರತಿಯೊಬ್ಬ ಮುಸಲ್ಮಾನ ಶಾಸಕನಿಗೂ ಎರಡನೆಯ ನಿಷ್ಠೆಯೊಂದನ್ನು ಅವರು ತಾವೇ ಕಲಿಸಿಕೊಟ್ಟಂತಾಯಿತು. ಆ ನಿಷ್ಠೆಯನ್ನು ಕರೆಯುವ ದಿನ ಯಾವುದೆಂಬುದು ಜಿನ್ನಾ ಅವರ ಇಚ್ಛೆಗೆ ಬಿಟ್ಟುದಾಯಿತು.

1940ರ ಮಾರ್ಚಿಯಲ್ಲಿ ಲಾಹೋರಿನಲ್ಲಿಯೇ, ಮುಂದೆ ಪಾಕಿಸ್ತಾನದ ನಿರ್ಣಯವೆಂದು ಹೆಸರಾದ ಲೀಗಿನ ನಿರ್ಣಯವು ಹೊರಬಿದ್ದಿತು. ಅದರ ಮೂಲ ಕರಡನ್ನು ಬರೆಯುವುದರಲ್ಲಿ ಸಿಕಂದರರ ಕೈಯೂ ಇದ್ದಿತು, ಅಂತಿಮರೂಪವು ಅವರ ಕರಡಿನಂತಿರಲಿಲ್ಲ. ಮರುವರ್ಷ ಮಾರ್ಚಿ 11ರಂದು ವಿಧಾನಸಭೆಯಲ್ಲಿ ಮಾತನಾಡುತ್ತ, ಪಾಕಿಸ್ತಾನವೆಂದರೆ ಇಲ್ಲಿ ಮುಸಲ್ಮಾನರ ರಾಜ್ಯ, ಅಲ್ಲಿ ಹಿಂದೂಗಳ ರಾಜ್ಯ ಎಂದರ್ಥವಾದರೆ ತಮಗದು ಬೇಡವೆಂದು ಅವರು ಸ್ಪಷ್ಟವಾಗಿ ಹೇಳಿದರು. ಹೇಳಿಯೂ ಲೀಗನ್ನು ಬಿಡಲಿಲ್ಲ. 1942ರ ಜೂನಿನಲ್ಲಿ ಸಿಖ್ ನಾಯಕ ಬಲದೇವ ಸಿಂಗರೊಡನೆ ಒಡಂಬಡಿಕೆ ಮಾಡಿಕೊಂಡು ಸಿಖ್ಖರನ್ನು ಸಮೀಪಕ್ಕೆ ತಂದುಕೊಂಡರು. ಅದೇ ಡಿಸೆಂಬರಿನಲ್ಲಿ, ಇನ್ನೂ ಐವತ್ತು ವರ್ಷ ವಯಸ್ಸಿನಲ್ಲಿ, ಹಠಾತ್ತಾಗಿ ಹೃದಯ ನಿಂತು ತೀರಿಕೊಂಡರು.

ಉತ್ತರಾಧಿಕಾರಿ ಖಿಜರ್ ಹಯಾತರಿಗೆ ಸಿಕಂದರರ ಚಾತುರ್ಯವಿರಲಿಲ್ಲ. ಸಿಕಂದರರಲ್ಲಿಲ್ಲದ ಒಂದು ಹಟವಿದ್ದಿತು. 1944ರಲ್ಲಿ ಜಿನ್ನಾ ಅವರು ಲಾಹೋರಿಗೆ ಬಂದು, ಯೂನಿಯನಿಸ್ಟ್ ಎಂಬ ಹೆಸರನ್ನು ತೆಗೆದು ‘ಮುಸ್ಲಿಂ ಲೀಗ್ ಸಮ್ಮಿಶ್ರ ಮಂತ್ರಿಮಂಡಲ’ ಎಂದು ಕರೆಯಬೇಕೆಂದು ಒತ್ತಾಯಿಸಿದಾಗ, ಖಿಜರರು 1937ರ ಒಪ್ಪಂದವನ್ನು ಮುಂದಿಟ್ಟು ನಿರಾಕರಿಸಿದರು. ಛೋಟು ರಾಮರು ಅವರ ಬೆನ್ನಿಗೆ ನಿಂತರು. ಏಪ್ರಿಲಿನಲ್ಲಿ ಮಾತುಕತೆ ಮುರಿಯಿತು, ಮೇ ತಿಂಗಳಲ್ಲಿ ಖಿಜರರನ್ನು ಲೀಗಿನಿಂದ ಹೊರಹಾಕಿದರು. ಸಿಕಂದರರ ಮಗ ಶೌಕತ್ ಹಯಾತರೇ ಲೀಗಿನ ಕಡೆಗೆ ಹೋದರು. 1945ರ ಜನವರಿ 9ರಂದು ಛೋಟು ರಾಮರು ಲಾಹೋರಿನಲ್ಲಿ ಕಾಲವಾದರು. ಭಾಖ್ರಾ ಅಣೆಕಟ್ಟಿನ ಯೋಜನೆಯನ್ನು ಕೊನೆಯ ದಿನಗಳವರೆಗೂ ಕೈಬಿಡದೆ ನಡೆಸಿದ್ದ ಅವರಿಗೆ ಸಾಟಿಯಾದ ಹಿಂದೂ ನಾಯಕನು ಪಕ್ಷಕ್ಕೆ ಮತ್ತೆ ದೊರೆಯಲಿಲ್ಲ.

ಎರಡನೆಯ ಮಹಾಯುದ್ಧವೂ ಪಕ್ಷದ ಬೇರನ್ನು ಸಡಿಲಿಸಿದ್ದಿತು. ಲಕ್ಷಗಟ್ಟಲೆ ಆಳುಗಳು ಸೈನ್ಯಕ್ಕೆ ಹೋದರು. ಹಳ್ಳಿಗಳಲ್ಲಿ ಬಟ್ಟೆಗೂ ಸಕ್ಕರೆಗೂ ಸೀಮೆಎಣ್ಣೆಗೂ ಬರ ಬಂದಿತು. ಗೋಧಿಯನ್ನು ಸರ್ಕಾರವು ನಿಗದಿಯಾದ ಬೆಲೆಗೆ ಕೇಳತೊಡಗಿತು. ತನ್ನ ಪಕ್ಷವು ಅಧಿಕಾರದಲ್ಲಿದ್ದೂ ತನಗೆ ಸೀಮೆಎಣ್ಣೆ ಸಿಗದಿದ್ದರೆ ಅದು ತನ್ನ ಪಕ್ಷ ಹೇಗಾದೀತೆಂದು ರೈತನು ಕೇಳಿದ್ದರೆ ತಪ್ಪಿಲ್ಲ. 1945ರ ಬೇಸಗೆಯಲ್ಲಿ ಸಿಮ್ಲಾ ಸಮಾಲೋಚನೆ ನಡೆದಾಗ ವೈಸರಾಯ್ ವೇವಲ್ಲರು ತಮ್ಮ ಮಂಡಲಿಯಲ್ಲಿ ಯೂನಿಯನಿಸ್ಟ್ ಮುಸಲ್ಮಾನನೊಬ್ಬನಿಗೂ ಸ್ಥಾನ ಕೊಡಬಯಸಿದರು. ಮುಸಲ್ಮಾನರನ್ನೆಲ್ಲ ಲೀಗೇ ಹೆಸರಿಸಬೇಕೆಂದು ಜಿನ್ನಾ ಅವರು ಪಟ್ಟುಹಿಡಿದರು. ವೇವಲ್ಲರು ಸಮಾಲೋಚನೆಯನ್ನೇ ಮುಗಿಸಿಬಿಟ್ಟರು. ಗಾಳಿ ಬೀಸುವ ದಿಕ್ಕನ್ನು ತಿಳಿಯುವುದರಲ್ಲಿ ಭೂಮಾಲಿಕರಷ್ಟು ನಿಪುಣರು ಯಾರೂ ಇಲ್ಲ. ಆಂಗ್ಲರ ಬೆಂಬಲವು ಇನ್ನು ನೆಚ್ಚತಕ್ಕುದಲ್ಲವೆಂದು ಕಂಡ 1945ರ ಕೊನೆಯ ಹೊತ್ತಿಗೆ ಫಿರೋಜ್ ಖಾನ್ ನೂನರೂ ಇನ್ನೆಷ್ಟೋ ದೊಡ್ಡ ಮನೆಗಳೂ ಲೀಗಿನೊಳಗಿದ್ದುವು.

1946ರ ಆರಂಭದ ಚುನಾವಣೆಯಲ್ಲಿ ಲೀಗಿನ ಪರವಾಗಿ ಅಲೀಗಢದ ವಿದ್ಯಾರ್ಥಿಗಳು ಹಳ್ಳಿಹಳ್ಳಿಗೆ ನಡೆದರು. ತೌನ್ಸಾ, ಸಿಯಾಲ್, ಗೋಲ್ರಾ ಮೊದಲಾದ ದರ್ಗಾಗಳ ಪೀರರು ತಮ್ಮ ಮುರೀದರಿಗೆ, ಎಂದರೆ ಶಿಷ್ಯರಿಗೆ, ಲೀಗಿಗೆ ಮತ ಕೊಡುವಂತೆ ಆಜ್ಞಾಪಿಸಿದರು. ಪಕ್ಷದ ಶಾಖೆಯೇ ಇಲ್ಲದ ಹಳ್ಳಿಯಲ್ಲಿ ದರ್ಗಾವೇ ಲೀಗಿನ ಶಾಖೆಯಾಯಿತು. ಭೋಗ್ಯದ ಹೊಲ ಮರಳಿ ಬಂದುದನ್ನು ರೈತನು ಮರೆತಿರಲಿಲ್ಲ. ಅವನ ಮುಂದೆ ಇದ್ದ ಮತಪತ್ರಿಕೆಯು ಮುಸಲ್ಮಾನರಿಗೆ ಮಾತ್ರ ಮೀಸಲಾದುದು, ಅದರಲ್ಲಿದ್ದ ಇಬ್ಬರು ಅಭ್ಯರ್ಥಿಗಳೂ ಮುಸಲ್ಮಾನರು, ಅವರಲ್ಲಿ ಯಾರು ಹೆಚ್ಚಿನ ಮುಸಲ್ಮಾನನೆಂಬ ಪ್ರಶ್ನೆಯೊಂದೇ ಅಲ್ಲಿ ಸಹಜವಾಗಿ ಏಳುತ್ತಿದ್ದುದು. ಮುಸಲ್ಮಾನರ 86 ಸ್ಥಾನಗಳಲ್ಲಿ ಎಪ್ಪತ್ತಕ್ಕೂ ಮೇಲ್ಪಟ್ಟು ಲೀಗಿಗೆ ಹೋದುವು. ಯೂನಿಯನಿಸ್ಟರಿಗೆ ಎಲ್ಲ ಸೇರಿ ಸುಮಾರು ಇಪ್ಪತ್ತು ಉಳಿದುವು. ಖಿಜರರು ಕಾಂಗ್ರೆಸ್ಸಿನೊಡನೆಯೂ ಸಿಖ್ಖರ ಅಕಾಲಿ ಪಕ್ಷದೊಡನೆಯೂ ಸೇರಿ ಮಂತ್ರಿಮಂಡಲ ರಚಿಸಿದರು. ಅದು ಅಂಕಗಣಿತಕ್ಕೆ ಸರಿಯಾಗಿದ್ದಿತು, ಅತ್ಯಧಿಕ ಸ್ಥಾನ ಗೆದ್ದ ಪಕ್ಷವು ಹೊರಗುಳಿಯಿತು. 1947ರ ಜನವರಿ 24ರಂದು ಮುಸ್ಲಿಂ ಲೀಗಿನ ಸ್ವಯಂಸೇವಕ ದಳವನ್ನೂ ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನೂ ಒಂದೇ ಆಜ್ಞೆಯಿಂದ ನಿಷೇಧಿಸಿದ್ದರ ಮೇಲೆ ಲೀಗು ಚಳವಳಿ ಹೂಡಿತು. ನಾಲ್ಕೇ ದಿನಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡರೂ ಚಳವಳಿ ನಿಲ್ಲಲಿಲ್ಲ. ಫೆಬ್ರವರಿ 20ರಂದು ಆಂಗ್ಲ ಪ್ರಧಾನಿ ಆಟ್ಲಿಯವರು ಭಾರತವನ್ನು ಬಿಟ್ಟುಹೋಗುವ ಗಡುವನ್ನು ಘೋಷಿಸಿದರು. ಮಾರ್ಚಿ 2ರಂದು ಖಿಜರರು ರಾಜೀನಾಮೆ ಕೊಟ್ಟರು. ಮೂರು ದಿನಗಳಲ್ಲಿ ಪ್ರಾಂತವು ಗವರ್ನರರ ಆಡಳಿತಕ್ಕೆ ಒಳಪಟ್ಟಿತು. ಲಾಹೋರು ಅಮೃತಸರ ರಾವಲ್ಪಿಂಡಿಗಳಲ್ಲಿ ಆಗ ಆರಂಭವಾದ ಕೊಲೆ ಸುಲಿಗೆಗಳ ವಿವರವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಪಕ್ಷದವರು ಚದರಿದರು. ನೂನರು 1957ರಲ್ಲಿ ಪಾಕಿಸ್ತಾನದ ಪ್ರಧಾನಮಂತ್ರಿಯಾದರು. ಸಿಕಂದರರ ಖಿಜರರ ಮಂತ್ರಿಮಂಡಲಗಳಲ್ಲಿದ್ದ ಬಲದೇವ ಸಿಂಗರು ಸ್ವತಂತ್ರ ಭಾರತದ ಮೊದಲ ರಕ್ಷಣಾಮಂತ್ರಿಯಾದರು. ಖಿಜರರು ರಾಜಕಾರಣಕ್ಕೆ ಮತ್ತೆ ಬರದೆ 1975ರಲ್ಲಿ ಅಮೆರಿಕೆಯಲ್ಲಿ ತೀರಿಕೊಂಡರು. ಹರಿಯಾಣದ ರೈತ ರಾಜಕಾರಣದಲ್ಲಿ ಛೋಟು ರಾಮರ ಹೆಸರು ಇಂದಿಗೂ ಚಲಾವಣೆಯಲ್ಲಿದೆ, 2018ರಲ್ಲಿ ಸಾಂಪ್ಲಾದಲ್ಲಿ ಅವರ ಬೃಹತ್ ಪ್ರತಿಮೆಯೂ ಎದ್ದಿತು. ಆದರೆ ಅಲ್ಲಿ ಅವರು ಜಾಟರ ನಾಯಕರು, ಝಂಗಿನ ರೈತನ ಮಂತ್ರಿಯಲ್ಲ. 1939ರ ಮಂಡಿ ಕಾಯಿದೆಯ ಜಾಗದಲ್ಲಿ ಭಾರತದ ಪಂಜಾಬಿನಲ್ಲಿ 1961ರ ಕಾಯಿದೆ ಬಂದಿತು. ಮತಾನುಸಾರವಾದ ಮತದಾರರ ಪಟ್ಟಿಗಳನ್ನು ಭಾರತದ ಸಂವಿಧಾನವು ತನ್ನ 325ನೆಯ ವಿಧಿಯಿಂದ ತೊಡೆದುಹಾಕಿತು. ಪಾಕಿಸ್ತಾನವು ಅವನ್ನು ಬಿಟ್ಟು ಹಿಡಿದು, 1985ರಲ್ಲಿ ಪುನಃ ತಂದು, 2002ರಲ್ಲಿ ತೆಗೆದುಹಾಕಿತು. ಅಂತೂ 1952ರ ಚುನಾವಣೆಯಲ್ಲಿ ಪೂರ್ವ ಪಂಜಾಬಿನ ಅಭ್ಯರ್ಥಿಯೊಬ್ಬನು ಮೊತ್ತಮೊದಲ ಬಾರಿಗೆ ಎಲ್ಲ ಮತದವರ ಮನೆಗೂ ಹೋಗಿ ಮತ ಕೇಳಬೇಕಾಗಿ ಬಂದಾಗ, ಮೇವಾತ್ ಮಲೇರ್‌ಕೋಟ್ಲಾಗಳಂಥ ಕೆಲವು ಎಡೆಗಳನ್ನು ಬಿಟ್ಟರೆ, ಆ ಸೀಮೆಯಲ್ಲಿ ಮುಸಲ್ಮಾನ ಮತದಾರರೇ ಉಳಿದಿರಲಿಲ್ಲ.